ಒಂದು ಚುನಾವಣೆ, ಎರಡು ತೀರ್ಪು: 1977ರ ನಂತರದ ಕರ್ನಾಟಕ

1977ರ ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆದ ಆರನೆಯ ಲೋಕಸಭಾ ಚುನಾವಣೆ, ಮೂವತ್ತು ವರ್ಷ ಕೇಂದ್ರವನ್ನು ಆಳಿದ್ದ ಕಾಂಗ್ರೆಸ್ಸನ್ನು ಮೊದಲ ಬಾರಿಗೆ ಅಧಿಕಾರದಿಂದ ಇಳಿಸಿತು. ಆದರೆ ಇಡೀ ದೇಶ ಒಂದೇ ದನಿಯಲ್ಲಿ ಮಾತಾಡಿರಲಿಲ್ಲ. ಉತ್ತರ ಪ್ರದೇಶದ 85, ಬಿಹಾರದ 54, ಪಂಜಾಬಿನ 13, ಹರಿಯಾಣದ 10, ದೆಹಲಿಯ 7 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಮಧ್ಯಪ್ರದೇಶದಲ್ಲಿ ಛಿಂದವಾಡ, ರಾಜಸ್ಥಾನದಲ್ಲಿ ನಾಗೌರ್ ಎಂದು ಒಂದೊಂದು ಉಳಿದವು. ರಾಯ್‌ಬರೇಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ರಾಜನಾರಾಯಣರೆದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಪಕ್ಕದ ಅಮೇಠಿಯಲ್ಲಿ ಅವರ ಮಗ ಸಂಜಯ ಗಾಂಧಿಯೂ ಸೋತರು. ಅದೇ ಹೊತ್ತಿಗೆ ಆಂಧ್ರಪ್ರದೇಶದ 42ರಲ್ಲಿ 41, ಕರ್ನಾಟಕದ 28ರಲ್ಲಿ 26 ಸ್ಥಾನಗಳು ಕಾಂಗ್ರೆಸ್ಸಿನ ಪಾಲಾದವು. ದೇಶದಾದ್ಯಂತ ಪಕ್ಷ ಗೆದ್ದ 154 ಸ್ಥಾನಗಳ ಪೈಕಿ 92 ದಕ್ಷಿಣದ ನಾಲ್ಕು ರಾಜ್ಯಗಳಿಂದ ಬಂದಿದ್ದವು.

ಫಲಿತಾಂಶ ಹೊರಬಿದ್ದ ಕೂಡಲೇ ವಾದ ಶುರುವಾಯಿತು. ಉತ್ತರದ ಹಲವರ ಕಣ್ಣಿಗೆ ದಕ್ಷಿಣದ ಮತದಾರ ಸೆನ್ಸಾರ್‌ಶಿಪ್ಪಿನಿಂದ ಕತ್ತಲಲ್ಲಿದ್ದವನು. ತುರ್ತುಪರಿಸ್ಥಿತಿಯಲ್ಲಿ ಏನೇನು ನಡೆಯಿತೆಂದು ಅವನಿಗೆ ತಿಳಿದಿದ್ದರೆ ಹಾಗೆ ಮತ ಹಾಕುತ್ತಿರಲಿಲ್ಲ ಎಂಬುದು ಅವರ ಮಾತು. ದಕ್ಷಿಣದಲ್ಲಿ ಇನ್ನೊಂದು ಬಗೆಯ ಅಸಮಾಧಾನವಿತ್ತು: ಗೆದ್ದ ಜನತಾ ಪಕ್ಷದಲ್ಲಿ ತಮ್ಮವರೇ ಇಲ್ಲದಿದ್ದರೆ ದೆಹಲಿಯಲ್ಲಿ ತಮ್ಮ ಮಾತು ಕೇಳುವವರು ಯಾರು, ಹಿಂದಿಯ ಒತ್ತಡ ಮರಳಿ ಬಂದರೆ ಗತಿಯೇನು? ಕರ್ನಾಟಕದ ಇತಿಹಾಸವನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಉತ್ತರದವರ ವಾದ ನಿಲ್ಲುವುದಿಲ್ಲ. ಇಲ್ಲಿ ಭಿನ್ನಾಭಿಪ್ರಾಯದ ಗೆರೆ ವಿಂಧ್ಯದ ಮೇಲೆ ಹಾದುಹೋಗಿರಲಿಲ್ಲ. ಊರೂರಿನ ಒಳಗೆ, ಗದ್ದೆಯ ಬದುವಿನ ಮೇಲೆ, ಎಷ್ಟೋ ಕಡೆ ಒಂದೇ ಮನೆತನದ ನಡುವೆ ಅದು ಹಾದುಹೋಗಿತ್ತು. ಆ ಚುನಾವಣೆಯಲ್ಲಿ ಕರ್ನಾಟಕದ ಕಾಂಗ್ರೆಸ್ಸಿಗೆ ಬಂದ ಮತ ನೂರಕ್ಕೆ ಸುಮಾರು 57. ಜನತಾ ಪಕ್ಷಕ್ಕೆ ಬಂದದ್ದು 40ರ ಆಸುಪಾಸು. ಸ್ಥಾನಗಳ ಲೆಕ್ಕದಲ್ಲಿ 26ಕ್ಕೆ 2 ಎಂದು ಕಾಣುವ ಅಂತರ, ಜನರ ಲೆಕ್ಕದಲ್ಲಿ ಹತ್ತು ಮಂದಿಯಲ್ಲಿ ನಾಲ್ವರು ಬೇರೆ ದಾರಿ ಹಿಡಿದಿದ್ದರು ಎಂದು ಹೇಳುತ್ತದೆ.

ಈ ನಾಲ್ವರ ಸಿಟ್ಟಿಗೆ ಗಟ್ಟಿಯಾದ ಕಾರಣವಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾದ ಮರುದಿನ ಬೆಳಿಗ್ಗೆಯೇ, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರ ಅವರನ್ನು ಇಲ್ಲಿಯೇ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಜೆ.ಎಚ್. ಪಟೇಲರಂಥ ರಾಜ್ಯದ ವಿರೋಧಪಕ್ಷಗಳ ನಾಯಕರೂ ಸೆರೆಮನೆ ಸೇರಿದರು. ಆ ವರ್ಷದ ನವೆಂಬರ್ 14ರಿಂದ ವಿರೋಧಪಕ್ಷಗಳ ಲೋಕ ಸಂಘರ್ಷ ಸಮಿತಿ ನಡೆಸಿದ ಸತ್ಯಾಗ್ರಹದಲ್ಲಿ ಬೆಂಗಳೂರು, ಕರಾವಳಿ, ಹುಬ್ಬಳ್ಳಿ ಕಡೆಯ ಯುವಕರು ಗುಂಪು ಗುಂಪಾಗಿ ಬಂಧನಕ್ಕೊಳಗಾದರು. ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಭೂಗತರಾದಾಗ ಅವರ ಸುಳಿವಿಗಾಗಿ ಪೊಲೀಸರು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ 1ರಂದು ಹಿಡಿದು, ನಡೆಯಲಾಗದಂತೆ ಹಿಂಸಿಸಿದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿ ಅದೇ ತಿಂಗಳು ಬಂಧಿತರಾದರು. ಅಸ್ತಮಾ ರೋಗಿಯಾಗಿದ್ದ ಅವರ ಆರೋಗ್ಯ ಬೆಂಗಳೂರಿನ ಜೈಲಿನಲ್ಲಿ ಪೂರ್ತಿ ಕುಸಿಯಿತು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಚುನಾವಣೆ ಘೋಷಣೆಯಾಗಿ ಆಗ ಎರಡು ದಿನವಷ್ಟೇ ಆಗಿತ್ತು. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಮರಳಿಸಿದ್ದರು. ಹೀಗಿರುವಾಗ ಕರ್ನಾಟಕದವರಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯದ ಮಾತು. ಗೊತ್ತಿದ್ದವರು ಬೇಕಾದಷ್ಟು ಮಂದಿ ಇದ್ದರು. ಬೆಂಗಳೂರು ದಕ್ಷಿಣದ ಮತದಾರರು ಜನತಾ ಪಕ್ಷದಿಂದ ಗೆಲ್ಲಿಸಿದ ಕೆ.ಎಸ್. ಹೆಗ್ಡೆಯವರು, 1973ರಲ್ಲಿ ಹಿರಿತನ ಮೀರಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದಿದ್ದವರು. ಆ ಕ್ಷೇತ್ರದ ಓದುಬಲ್ಲ ಮಧ್ಯಮವರ್ಗ ತಾನು ಏನನ್ನು ಖಂಡಿಸುತ್ತಿದ್ದೇನೆಂದು ಅರಿತೇ ಮತ ಹಾಕಿತ್ತು. ರಾಜ್ಯದಲ್ಲಿ ಜನತಾ ಗೆದ್ದ ಇನ್ನೊಂದು ಸ್ಥಾನ ಹಾಸನ; ಅಲ್ಲಿ ಎಸ್. ನಂಜೇಶಗೌಡರು ಆಯ್ಕೆಯಾದರು.

ಉಳಿದ ಆರು ಮಂದಿಯ ಆಯ್ಕೆಗೂ ಅಷ್ಟೇ ಗಟ್ಟಿಯಾದ ಕಾರಣವಿತ್ತು. ಅದನ್ನು ಅರಿಯಬೇಕಾದರೆ ತುರ್ತುಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಹೆಚ್ಚು ಹಿಂದಕ್ಕೆ, 1974ರ ಮಾರ್ಚ್ 1ಕ್ಕೆ ಹೋಗಬೇಕು. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದ ದಿನ ಅದು. 1961ರ ಮೂಲ ಕಾಯ್ದೆಯಲ್ಲಿ ಧಣಿಗಳು ನುಸುಳಿಕೊಳ್ಳಲು ದಾರಿಗಳು ಬೇಕಾದಷ್ಟಿದ್ದವು. ಹೊಸ ತಿದ್ದುಪಡಿ ಗೇಣಿಗೆ ಕೊಟ್ಟ ಭೂಮಿಯೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿತೆಂದು ಸಾರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ಕರಾವಳಿಯಲ್ಲಿ ಜನ ಇದನ್ನು ‘ಡಿಕ್ಲರೇಷನ್ ಹಾಕುವುದು’ ಎಂದೇ ಕರೆದರು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಬಂತು. ಅಸಿಸ್ಟೆಂಟ್ ಕಮಿಷನರ್ ಅದರ ಅಧ್ಯಕ್ಷ; ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು; ಆ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಲೇಬೇಕು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಸಿವಿಲ್ ಕೋರ್ಟುಗಳಿಗೆ ಇದರಲ್ಲಿ ಅಧಿಕಾರವಿರಲಿಲ್ಲ. ಹೋಗುವುದಾದರೆ ರಿಟ್ ಹಿಡಿದು ಹೈಕೋರ್ಟಿಗೇ ಹೋಗಬೇಕಿತ್ತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು.

ಈ ಕಾಯ್ದೆಯ ಹಿಂದೆ ಉದ್ದದ ಹೋರಾಟವೊಂದಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ ಹೊತ್ತಿದ ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳ ನೇತೃತ್ವ ಪಡೆದು ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ಮಲೆನಾಡಿನ ಮನೆಮನೆಗೆ ಮುಟ್ಟಿಸಿತ್ತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾಗಿದ್ದರು. 1972ರಲ್ಲಿ ಗೋಪಾಲಗೌಡರು ತೀರಿಕೊಂಡರು. ಅವರು ಬೇಡಿಕೆಯಿಟ್ಟ ಕಾಯ್ದೆಯನ್ನು ತಂದದ್ದು ಅವರ ಎದುರಾಳಿ ಪಕ್ಷ. ಇದರಿಂದ ಹುಟ್ಟಿದ ಸಂದಿಗ್ಧ ಚಿಕ್ಕದೇನಲ್ಲ. 1977ರ ಹೊತ್ತಿಗೆ ಅದೇ ಸಮಾಜವಾದಿ ಗರಡಿಯಲ್ಲಿ ಬೆಳೆದವರಲ್ಲಿ ಎಸ್. ಬಂಗಾರಪ್ಪ ಅರಸು ಅವರ ಜೊತೆಗಿದ್ದರು, ಜೆ.ಎಚ್. ಪಟೇಲ್ ಜೈಲಿನಿಂದ ಬಂದು ಜನತಾ ಪಕ್ಷದಲ್ಲಿದ್ದರು. ಇಬ್ಬರೂ ಗೇಣಿದಾರನ ಪರವೇ. ಮೊದಲು ಸ್ವಾತಂತ್ರ್ಯಕ್ಕೇ ಏಟು ಬಿದ್ದರೆ ಭೂಮಿಯ ಹಕ್ಕೂ ಉಳಿಯುವುದಿಲ್ಲವೆಂದು ಒಂದು ಕಡೆ; ಭೂಮಿ ಕೊಟ್ಟವರನ್ನು ಕೆಡವಿದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವವರು ಬರುತ್ತಾರೆಂದು ಇನ್ನೊಂದು ಕಡೆ. ಆ ಕಾಲದ ಕರ್ನಾಟಕದ ರಾಜಕೀಯ ಜಗಳಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಬಹುಶಃ ಇದೇ.

ಎರಡನೆಯ ಭಯಕ್ಕೆ ಆಧಾರವಿಲ್ಲದಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ, ಮುಖ್ಯಮಂತ್ರಿಯಾಗಿದ್ದವರು ವೀರೇಂದ್ರ ಪಾಟೀಲ. ಇಬ್ಬರೂ ಇಂದಿರಾ ಅವರನ್ನು ವಿರೋಧಿಸಿದ ಬಣವಾದ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಆ ಪಕ್ಷಕ್ಕೆ ಭೂಮಿಯುಳ್ಳ ಪ್ರಬಲ ಜಾತಿಗಳ ಬೆಂಬಲವಿತ್ತು. ಅದರೆದುರು ಇಂದಿರಾ ಕಾಂಗ್ರೆಸ್ 1971ರಲ್ಲಿ ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನಗಳನ್ನೂ, 1972ರಲ್ಲಿ ವಿಧಾನಸಭೆಯ 216ರಲ್ಲಿ 165 ಸ್ಥಾನಗಳನ್ನೂ ಗೆದ್ದಿತು. ಅರಸು ಕಟ್ಟಿದ ಒಕ್ಕೂಟ ಸಣ್ಣ ಸಣ್ಣ ಜಾತಿಗಳದ್ದು. 1972ರಲ್ಲಿ ಅವರು ನೇಮಿಸಿದ ಎಲ್.ಜಿ. ಹಾವನೂರ ಆಯೋಗ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. ವಿದ್ಯೆ ಮತ್ತು ಸರ್ಕಾರಿ ನೌಕರಿಯ ಬಾಗಿಲು ಹಿಂದುಳಿದವರಿಗೆ ತೆರೆಯಿತು. 1976ರಲ್ಲಿ ಸಾಲ ಪರಿಹಾರ ಕಾಯ್ದೆ ಬಂತು, ಜೀತ ಪದ್ಧತಿ ರದ್ದಾಯಿತು, ನಿವೇಶನವಿಲ್ಲದವರಿಗೆ ಸರ್ಕಾರದ ‘ಜನತಾ ಮನೆ’ಗಳು ಬಂದವು. ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. ಜನತಾ ಪಕ್ಷ ಹುಟ್ಟಿದಾಗ ಕರ್ನಾಟಕದಲ್ಲಿ ಅದರ ಬೆನ್ನೆಲುಬಾಗಿ ಬಂದದ್ದು ಸಂಸ್ಥಾ ಕಾಂಗ್ರೆಸ್. ಹಳ್ಳಿಯ ಗೇಣಿದಾರನಿಗೆ ಅದು ಪ್ರಜಾಪ್ರಭುತ್ವ ಉಳಿಸಲು ಬಂದ ಹೊಸ ಪಕ್ಷವಾಗಿ ಕಾಣಲಿಲ್ಲ. ಮೊನ್ನೆ ಸೋತ ಧಣಿಗಳು ಗುರುತು ಬದಲಿಸಿ ಬಂದಂತೆ ಕಂಡಿತು.

ಉತ್ತರದಲ್ಲಿ ಅದೇ ಇಪ್ಪತ್ತೊಂದು ತಿಂಗಳು ಬೇರೆಯಾಗಿದ್ದವು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಲವಂತದ ಕಹಿ ಹಿಂದಿ ಸೀಮೆಯ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿತ್ತು. ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳನ್ನು ಕೆಡವಲಾಯಿತು, ಗುಂಡು ಹಾರಿತು. ಅಲ್ಲಿನ ಬಡವನಿಗೆ ಸರ್ಕಾರವೆಂದರೆ ಕೋಟಾ ತುಂಬಿಸಲು ಬಂದ ಅಧಿಕಾರಿ. ಮಲೆನಾಡಿನ, ಕರಾವಳಿಯ ಗೇಣಿದಾರನಿಗೆ ಅದೇ ಸರ್ಕಾರ ತಾಲ್ಲೂಕು ಕಚೇರಿಯಲ್ಲಿ ಧಣಿಯ ಎದುರು ಕುರ್ಚಿ ಕೊಟ್ಟು ಕೂರಿಸಿದ್ದು. ಇಬ್ಬರೂ ತಾವು ಕಂಡದ್ದಕ್ಕೆ ಮತ ಹಾಕಿದರು.

ಭೂಸುಧಾರಣೆ ಎಲ್ಲರಿಗೂ ಒಳಿತು ಮಾಡಿತೆಂದೂ ಹೇಳುವಂತಿಲ್ಲ. ವರ್ಷದಿಂದ ವರ್ಷಕ್ಕೆ ಕೊಡುವ ಚಾಲಗೇಣಿ, ಶಾಶ್ವತವಾದ ಮೂಲಗೇಣಿಗಳು ಆಳವಾಗಿ ಬೇರೂರಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನ ಕಡೆ ಅದರ ಪರಿಣಾಮ ಹೆಚ್ಚು. ಗೇಣಿ ಕಡಿಮೆಯಿದ್ದ ಬಯಲುಸೀಮೆಯಲ್ಲಿ ಕಡಿಮೆ. ಭೂಮಿತಿಗಿಂತ ಹೆಚ್ಚಿನ ಭೂಮಿಯನ್ನು ವಶಪಡಿಸಿಕೊಂಡು ಕೂಲಿಕಾರರಿಗೆ ಹಂಚುವ ಕೆಲಸ ಹೆಸರಿಗಷ್ಟೇ ನಡೆಯಿತು. ಕಾಫಿ, ರಬ್ಬರಿನಂಥ ಪ್ಲಾಂಟೇಶನ್ ಬೆಳೆಗಳ ತೋಟಗಳಿಗೆ ಕಾಯ್ದೆಯಿಂದ ವಿನಾಯಿತಿಯಿತ್ತು. ಇನ್ನೊಂದು ಕಡೆ, ಗಂಡ ತೀರಿಕೊಂಡ ಮೇಲೆ ಎರಡೋ ಮೂರೋ ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಬರುವ ಅಕ್ಕಿಯಲ್ಲಿ ಬದುಕುತ್ತಿದ್ದ ಹೆಂಗಸರು, ಸಣ್ಣ ದೇವಸ್ಥಾನದ ಅರ್ಚಕರು, ಊರು ಬಿಟ್ಟು ಗುಮಾಸ್ತೆ ಕೆಲಸಕ್ಕೆ ಹೋದವರು ದೊಡ್ಡ ಧಣಿಗಳ ಸಾಲಿನಲ್ಲೇ ಭೂಮಿ ಕಳೆದುಕೊಂಡರು. ಮಂಡಳಿಯ ಸದಸ್ಯರು ಆಳುವ ಪಕ್ಷದವರೆಂಬ ದೂರು ಮೊದಲಿನಿಂದಲೂ ಇತ್ತು. ಒಂದೇ ಊರಿನ ಎರಡು ಮನೆಗಳಲ್ಲಿ ಒಂದಕ್ಕೆ ಆ ವರ್ಷಗಳು ಬಿಡುಗಡೆಯಾಗಿ, ಇನ್ನೊಂದಕ್ಕೆ ಕಣ್ಣೀರಾಗಿ ಉಳಿದದ್ದು ಹೀಗೆ. ಎರಡೂ ಮನೆಯವರು ದಿನವೂ ಒಂದೇ ಬಾವಿಕಟ್ಟೆಯಲ್ಲಿ ಮುಖಾಮುಖಿಯಾಗಬೇಕಿತ್ತು.

ಹೊಸ ಕೇಂದ್ರ ಸರ್ಕಾರದ ನಡೆಗಳು ಈ ಬಿರುಕನ್ನು ಹಿಗ್ಗಿಸಿದವು. 1977ರ ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಏಪ್ರಿಲ್ 30ರಂದು, ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯಗಳಲ್ಲಿ ಆಳುವ ನೈತಿಕ ಹಕ್ಕು ಕಳೆದುಕೊಂಡಿದೆಯೆಂಬ ವಾದದ ಮೇಲೆ, ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳು ವಜಾಗೊಂಡವು. ಕಾಂಗ್ರೆಸ್ ಗೆದ್ದಿದ್ದ ಕರ್ನಾಟಕಕ್ಕೆ ಆ ವಾದ ಅನ್ವಯಿಸುವಂತಿರಲಿಲ್ಲ. ಇಲ್ಲಿ ತನಿಖೆಯ ದಾರಿ ಹಿಡಿಯಲಾಯಿತು. ಅರಸು ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ಮೇ 23ರಂದು ಕೇಂದ್ರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ಗ್ರೋವರ್ ಕೂಡ 1973ರಲ್ಲಿ ಕೆ.ಎಸ್. ಹೆಗ್ಡೆಯವರ ಜೊತೆ ರಾಜೀನಾಮೆ ಕೊಟ್ಟಿದ್ದವರು. ಕೇಂದ್ರದ ಈ ನೇಮಕಕ್ಕೆ ಐದು ದಿನ ಮೊದಲೇ ರಾಜ್ಯ ಸರ್ಕಾರ ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನರ ನೇತೃತ್ವದಲ್ಲಿ ತನ್ನದೇ ಆಯೋಗ ರಚಿಸಿತ್ತು. ರಾಜ್ಯದ ಮುಖ್ಯಮಂತ್ರಿಯನ್ನು ವಿಚಾರಿಸಲು ಕೇಂದ್ರಕ್ಕೆ ಅಧಿಕಾರವುಂಟೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಬಹುಮತದ ತೀರ್ಪು ಉಂಟು ಎಂದಿತು. ಒಬ್ಬ ನಾಗರಿಕನಿಗೆ ಇದು ಹೊಣೆಗಾರಿಕೆ, ಇನ್ನೊಬ್ಬನಿಗೆ ತಾನು ಹಾಕಿದ ಮತದ ಮೇಲೆ ದೆಹಲಿ ತೀರಿಸಿಕೊಂಡ ಸೇಡು.

ಇಂದಿರಾ ಗಾಂಧಿಯವರ ವಿಷಯದಲ್ಲೂ ಹೀಗೆಯೇ ಆಯಿತು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು ಮೇ 28ರಂದು ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ದಾಖಲೆಗಳನ್ನು ಶ್ರದ್ಧೆಯಿಂದ ಕಲೆಹಾಕಿತು. ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದ ಬಂಧನಕ್ಕೋ ರಕ್ಷಣಾ ನಿಯಮಗಳ ಅಡಿಯ ಬಂಧನಕ್ಕೋ ಒಳಗಾಗಿದ್ದರೆಂದು ಅದರ ಲೆಕ್ಕ ತೋರಿಸಿತು. ಆ ವರದಿಗಳ ಬೆಲೆ ಇವತ್ತಿಗೂ ಕಡಿಮೆಯಾಗಿಲ್ಲ. ಆದರೆ ಅಕ್ಟೋಬರ್ 3ರಂದು ಮಾಜಿ ಪ್ರಧಾನಿಯನ್ನು ಬಂಧಿಸಿ, ಮರುದಿನವೇ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡುವಂಥ ದುರ್ಬಲ ಪ್ರಕರಣ ಹೂಡಿದ್ದು ಅವರ ಬಗ್ಗೆ ಕನಿಕರ ಹುಟ್ಟಿಸಿತು. ಶಾ ಆಯೋಗ ಸಾಕ್ಷ್ಯದಿಂದ ಕಟ್ಟುತ್ತಿದ್ದ ಒಮ್ಮತವನ್ನು ಸರ್ಕಾರದ ಆತುರ ಕೆಡಿಸಿತು.

ಆ ವರ್ಷದ ಕೊನೆಗೆ ಕಾಂಗ್ರೆಸ್ ಮತ್ತೆ ಒಡೆಯಿತು. ಕರ್ನಾಟಕದಲ್ಲಿ ಪಕ್ಷದ ಇನ್ನೊಬ್ಬ ನಾಯಕ ಕೆ.ಎಚ್. ಪಾಟೀಲರು ಅರಸು ವಿರುದ್ಧ ನಿಂತರು. ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಜನವರಿ 2ರಂದು ಇಂದಿರಾ ಬೇರೆ ಪಕ್ಷ ಕಟ್ಟಿದರು. ಹಸು–ಕರು ಗುರುತು ಹೋಗಿ ಹಸ್ತ ಬಂತು. ಹೊಸ ಪಕ್ಷ, ಹೊಸ ಗುರುತು, ಕೈಯಲ್ಲಿ ಅಧಿಕಾರವಿಲ್ಲ. ಆದರೂ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದಿತು. ಜನತಾ 59ಕ್ಕೆ ನಿಂತಿತು, ಮತ್ತೊಂದು ಕಾಂಗ್ರೆಸ್ಸಿಗೆ ಎರಡೇ ಸ್ಥಾನ. ಮತದ ಲೆಕ್ಕದಲ್ಲಿ ಮಾತ್ರ ಗೆದ್ದವರಿಗೆ ನೂರಕ್ಕೆ ಸುಮಾರು 44, ಜನತಾಕ್ಕೆ ಸುಮಾರು 38. ಹತ್ತರಲ್ಲಿ ನಾಲ್ವರು ಇನ್ನೂ ಅಲ್ಲೇ ಇದ್ದರು.

ಈ ವಾದ ತುದಿ ಮುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಇಂದಿರಾ ಅವರಿಗೆ ಲೋಕಸಭೆಗೆ ಮರಳಲು ಸುರಕ್ಷಿತ ಸ್ಥಳ ಬೇಕಾಗಿತ್ತು. 1971ರಲ್ಲೂ 1977ರಲ್ಲೂ ಅಲ್ಲಿಂದ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿದರು. ಕ್ಷೇತ್ರದ ಆಯ್ಕೆ ಅರ್ಥವಿಲ್ಲದ್ದೇನಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿಯ ಅಡಿಕೆ–ಗದ್ದೆಗಳಲ್ಲಿ ಹೊಸದಾಗಿ ಭೂಮಿ ಪಡೆದವರಿದ್ದರು. ಕಾಫಿ ತೋಟಗಳ ಲೈನುಮನೆಗಳಲ್ಲಿ ಭೂಮಿಯಿಲ್ಲದ ಸಾವಿರಾರು ಕೂಲಿಗಳಿದ್ದರು. ಕಡೂರು, ತರೀಕೆರೆಯ ಕಡೆ ಬಯಲಿನ ಬೇಸಾಯಗಾರರಿದ್ದರು. ಘಟ್ಟದ ಕೆಳಗಿನ ಊರುಗಳೂ ಕ್ಷೇತ್ರಕ್ಕೆ ಸೇರಿದ್ದವು. ಎದುರಾಳಿಯಾಗಿ ಜನತಾ ನಿಲ್ಲಿಸಿದ್ದು ಸಭ್ಯರೂ ಅನುಭವಿಗಳೂ ಆಗಿದ್ದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಪ್ರಚಾರದ ಹೊಣೆ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸರದ್ದು. ಜೈಲಿನಲ್ಲಿದ್ದುಕೊಂಡೇ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿದ್ದವರು ಅವರು. ದೇಶವಿದೇಶಗಳ ಪತ್ರಕರ್ತರು ಕಾಫಿ ಸೀಮೆಯ ಹೋಟೆಲುಗಳಲ್ಲಿ ತುಂಬಿಕೊಂಡರು.

ಕ್ಷೇತ್ರದಲ್ಲಿ ನಡೆದದ್ದು ಎರಡು ನೆನಪುಗಳ ಸ್ಪರ್ಧೆ. ಜನತಾ ಭಾಷಣಗಳಲ್ಲಿ ವಿಚಾರಣೆಯಿಲ್ಲದೆ ಬಂಧಿಸುವ ಮೀಸಾ ಕಾಯ್ದೆ, ಸೆನ್ಸಾರ್‌ಶಿಪ್, ಬಾಯಿಮುಚ್ಚಿದ ಸಂಸತ್ತು ಬಂದವು. ಇವು ಸತ್ಯವಾಗಿದ್ದವು, ಆದರೆ ದಿನಗೂಲಿಯ ಹೆಣ್ಣಾಳಿಗೆ ಅದುವರೆಗೆ ಯಾವ ಸರ್ಕಾರವೂ ಬಾಯಿ ತೆರೆಯುವ ಅವಕಾಶ ಕೊಟ್ಟಿರಲಿಲ್ಲ. ಕಾಂಗ್ರೆಸ್ಸಿನವರು ಗೇಣಿ, ಮನೆ, ಸಾಲದ ಮಾತಾಡಿದರು. ಊರೂರು ಸುತ್ತಿದ ಇಂದಿರಾ ಅವರನ್ನು ನೋಡಲು ಬಂದ ಹೆಂಗಸರು ‘ಇಂದಿರಮ್ಮ’ ಎಂದು ಕರೆದರು. 1978ರ ನವೆಂಬರ್ 5ರಂದು ಮತದಾನವಾಯಿತು. ಇಂದಿರಾ ಅವರಿಗೆ 2,49,376 ಮತ, ವೀರೇಂದ್ರ ಪಾಟೀಲರಿಗೆ 1,72,043, ಅಂತರ 77,333. ಗೆಲುವಿನ ಅಂತರವನ್ನು ಇತಿಹಾಸದ ಪುಸ್ತಕಗಳು ತಪ್ಪದೆ ಹೇಳುತ್ತವೆ. ಅಷ್ಟೇ ಮುಖ್ಯವಾದದ್ದು ಸೋತವರ ಒಂದು ಮುಕ್ಕಾಲು ಲಕ್ಷದಷ್ಟು ಮತ. ಅರಸು ಆಡಳಿತದ ಒಳಿತನ್ನೂ ಇಂದಿರಾ ಅವರ ಹೆಸರಿನ ಸೆಳೆತವನ್ನೂ ಬಲ್ಲ ಜಿಲ್ಲೆಯೊಂದರಲ್ಲಿ, ಅಷ್ಟು ಮಂದಿ ತುರ್ತುಪರಿಸ್ಥಿತಿಯನ್ನು ಕ್ಷಮಿಸಲು ಒಪ್ಪಲಿಲ್ಲ. ಇವರನ್ನು ಧಣಿಗಳೆಂದು ತಳ್ಳಿಹಾಕುವುದೂ, ಗೆಲ್ಲಿಸಿದವರನ್ನು ಅಜ್ಞಾನಿಗಳೆಂದು ಕರೆಯುವುದೂ ಒಂದೇ ಬಗೆಯ ತಪ್ಪು.

ಆ ಗೆಲುವು ಆರು ವಾರವಷ್ಟೇ ಬಾಳಿತು. 1975ರಲ್ಲಿ ಮಗ ಸಂಜಯರ ಮಾರುತಿ ಕಂಪನಿಯ ಬಗ್ಗೆ ಸಂಸತ್ತಿನ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ, ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. ಸಭಾಧ್ಯಕ್ಷರ ಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದ ಕೆ.ಎಸ್. ಹೆಗ್ಡೆ. ಚಿಕ್ಕಮಗಳೂರಿನ ಮತದಾರರು ಆರಿಸಿದ ಪ್ರತಿನಿಧಿಯನ್ನು ಸಂಸತ್ತಿನ ಬಹುಮತ ಹೊರಹಾಕಬಹುದೇ ಎಂಬ ಪ್ರಶ್ನೆಗೆ ಆಗ ಸಮಾಧಾನದ ಉತ್ತರ ಸಿಗಲಿಲ್ಲ. ಮರುದಿನ ಇಬ್ಬರು ಯುವಕರು ಲಖನೌದಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ಅಪಹರಿಸಿ ಇಂದಿರಾ ಅವರ ಬಿಡುಗಡೆಗೆ ಒತ್ತಾಯಿಸಿದರು. ಮುಂದೆ ಅವರಿಬ್ಬರೂ ಕಾಂಗ್ರೆಸ್ ಶಾಸಕರಾದದ್ದು ಆ ಪಕ್ಷಕ್ಕೆ ಗೌರವ ತರುವ ಸಂಗತಿಯಲ್ಲ. ಉಚ್ಚಾಟನೆಯ ನಿರ್ಣಯವನ್ನು 1981ರ ಮೇ 7ರಂದು ಮುಂದಿನ ಲೋಕಸಭೆ ರದ್ದುಗೊಳಿಸಿತು.

ಈ ಗದ್ದಲದ ನಡುವೆಯೇ ಎರಡೂ ಕಡೆಯವರು ಕೂಡಿ ಮಾಡಿದ ಒಂದು ಕೆಲಸವಿದೆ. ಸಂವಿಧಾನದ 44ನೆಯ ತಿದ್ದುಪಡಿ, ‘ಆಂತರಿಕ ಕ್ಷೋಭೆ’ಯ ನೆಪದಲ್ಲಿ ತುರ್ತುಪರಿಸ್ಥಿತಿ ಹೇರುವ ದಾರಿಯನ್ನು ಮುಚ್ಚಿ, ಸಶಸ್ತ್ರ ದಂಗೆಯಿದ್ದರೆ ಮಾತ್ರ ಎಂದು ಬಿಗಿಮಾಡಿತು. ಕಾಂಗ್ರೆಸ್ಸಿಗರು ಹೆಚ್ಚಿದ್ದ ರಾಜ್ಯಸಭೆ ಕೆಲವು ಕಲಮುಗಳನ್ನು ತಳ್ಳಿಹಾಕಿದರೂ ಮುಖ್ಯ ಭಾಗವನ್ನು ಒಪ್ಪಿತು. ಬಹಿರಂಗ ಸಭೆಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಸದನದಲ್ಲಿ ಇಷ್ಟನ್ನು ಸಾಧಿಸಿದರೆಂಬುದನ್ನು ಆ ಕಾಲದ ಬಗ್ಗೆ ಬರೆಯುವವರು ಸಾಕಷ್ಟು ನೆನೆಯುವುದಿಲ್ಲ.

ಕರ್ನಾಟಕದಲ್ಲಿ ಗೆರೆಗಳು ಬೇಗ ಕದಲಿದವು. 1979ರ ಜೂನ್‌ನಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಭೂಮಿ ಕೊಟ್ಟ ಮುಖ್ಯಮಂತ್ರಿಯ ಪಕ್ಷಕ್ಕೆ ಒಂದೂ ಸಿಗಲಿಲ್ಲ. ಉಳಿದ ಒಂದು, ಮತ್ತೆ ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಟಿ.ಆರ್. ಶಾಮಣ್ಣನವರದ್ದು. ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ನಿಂತಿದ್ದ ವೀರೇಂದ್ರ ಪಾಟೀಲರೇ ಈ ಬಾರಿ ಬಾಗಲಕೋಟೆಯಿಂದ ಇಂದಿರಾ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದು ಅವರ ಸಂಪುಟ ಸೇರಿದರು. ಸ್ಥಾನ ಬಿಟ್ಟುಕೊಟ್ಟಿದ್ದ ಚಂದ್ರೇಗೌಡರು ಅರಸು ಜೊತೆ ಹೋಗಿ, 1983ರ ನಂತರ ಜನತಾ ಆಡಳಿತದಲ್ಲಿ ವಿಧಾನಸಭೆಯ ಅಧ್ಯಕ್ಷರಾದರು. ಜನತಾ ಸರ್ಕಾರದ ಕ್ರಮವನ್ನು ಖಂಡಿಸಿದ್ದ ಇಂದಿರಾ ಗಾಂಧಿ 1980ರ ಫೆಬ್ರವರಿ 17ರಂದು ತಾವೂ ಒಂಬತ್ತು ರಾಜ್ಯ ಸರ್ಕಾರಗಳನ್ನು ವಜಾ ಮಾಡಿದರು. ನಾಯಕರು ಇಷ್ಟು ಸುಲಭವಾಗಿ ದಾಟಿಹೋದ ಗೆರೆಯ ಎರಡು ಬದಿಗಳಲ್ಲಿ, ಅವರ ಹೆಸರು ಹಿಡಿದು ಮಾತುಬಿಟ್ಟ ನೆಂಟರೂ ನೆರೆಯವರೂ ಮಾತ್ರ ಹಾಗೆಯೇ ಉಳಿದಿದ್ದರು.

ಅರಸು 1982ರ ಜೂನ್ 6ರಂದು ತೀರಿಕೊಂಡರು. 1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕ ಮೊದಲ ಬಾರಿ ಕಾಂಗ್ರೆಸ್ಸನ್ನು ಸೋಲಿಸಿತು. ಜನತಾ ಪಕ್ಷ, ಅರಸು ಅನುಯಾಯಿಗಳ ಕ್ರಾಂತಿರಂಗದೊಡನೆ ಕೂಡಿ 95 ಸ್ಥಾನ ಗೆದ್ದಿತು. ತುರ್ತುಪರಿಸ್ಥಿತಿಯ ಕೈದಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಭೂಮಿಯ ಪಕ್ಷವೂ ಜೈಲಿನ ಪಕ್ಷವೂ ಒಂದೇ ವೇದಿಕೆಗೆ ಬಂದದ್ದು ಆಗ. ಗೇಣಿದಾರರು ಹೆದರಿದಂತೆ ಅವರ ಭೂಮಿಯನ್ನು ಹೊಸ ಸರ್ಕಾರ ಕಿತ್ತುಕೊಳ್ಳಲಿಲ್ಲ. 1984ರ ಡಿಸೆಂಬರಿನಲ್ಲಿ, ಇಂದಿರಾ ಹತ್ಯೆಯಾಗಿ ಎರಡು ತಿಂಗಳೊಳಗೆ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು.